ಅತಿಥಿ ಹೋದ ಮೇಲೆ ಉಳಿದದ್ದೇನು? ವಿದೇಶಿ ಸ್ವಯಂಸೇವೆಯ ಅರವತ್ತು ವರ್ಷ ಮತ್ತು ನಮ್ಮ ರೇಷ್ಮೆ ಸೀಮೆ

ವಿಶ್ವಸಂಸ್ಥೆಯು 2026ನೆಯ ಇಸವಿಯನ್ನು ಸುಸ್ಥಿರ ಅಭಿವೃದ್ಧಿಗಾಗಿ ಅಂತರರಾಷ್ಟ್ರೀಯ ಸ್ವಯಂಸೇವಕರ ವರ್ಷವೆಂದು ಘೋಷಿಸಿದೆ. ಜಪಾನ್ ದೇಶದ ಯುವ ಸ್ವಯಂಸೇವಕರು ಭಾರತಕ್ಕೆ ಬರಲಾರಂಭಿಸಿದ್ದು 1966ರಲ್ಲಿ. ಆ ಲೆಕ್ಕದಲ್ಲಿ ಅದಕ್ಕೂ ಇದು ಅರವತ್ತನೆಯ ವರ್ಷ. ಇಂತಹ ಸಂದರ್ಭಗಳಲ್ಲಿ ನಡೆಯುವ ಸಮಾರಂಭಗಳ ಸ್ವರೂಪ ಸದ್ಭಕ್ತರಿಗೆ ತಿಳಿದದ್ದೇ. ಎಷ್ಟು ಜನ ಬಂದರು, ಎಷ್ಟು ವರ್ಷ ದುಡಿದರು, ಎಷ್ಟು ಊರು ಮುಟ್ಟಿದರು ಎಂಬ ಅಂಕಿ ಅಂಶ ಓದಲಾಗುತ್ತದೆ. ಹಾರ, ಶಾಲು, ನೆನಪಿನ ಕಾಣಿಕೆ ಸಲ್ಲುತ್ತವೆ. ಬಂದವರನ್ನು ಗೌರವಿಸುವುದು ಸರಿಯೇ. ಆದರೆ ಆತಿಥ್ಯ ವಹಿಸಿದ ನಾಡಿನವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಬಂದವರು ಹಿಂದಿರುಗಿದ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯಿತು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ನಿಂತು ಆ ಪ್ರಶ್ನೆಯನ್ನು ಪರಿಶೀಲಿಸಲು ನಾವು ಇಲ್ಲಿ ಯತ್ನಿಸಿದ್ದೇವೆ.

‘ಸ್ವಯಂಸೇವಕ’ ಎಂಬ ಮಾತು ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿದಾಗ ಪ್ರಾಣ ತೆತ್ತವರು ಸುತ್ತಲಿನ ಹಳ್ಳಿಗಳ ಸಾಮಾನ್ಯರು. ಸಂಬಳವಿಲ್ಲದೆ, ಸ್ವಂತ ಇಚ್ಛೆಯಿಂದ, ತನ್ನದಲ್ಲದ ಮನೆಯ ಕೆಲಸಕ್ಕೆ ಹೆಗಲು ಕೊಡುವವನೇ ಸ್ವಯಂಸೇವಕ ಎಂಬ ಅರ್ಥ ಅಂದಿನಿಂದಲೂ ಇಲ್ಲಿ ರೂಢಿಯಲ್ಲಿದೆ. ಅದಕ್ಕೂ ಎಷ್ಟೋ ಶತಮಾನ ಹಿಂದೆ ಶರಣರು ದಾಸೋಹವೆಂದು ಕರೆದದ್ದೂ ಇದಕ್ಕೆ ದೂರದ್ದಲ್ಲ. ಅಲ್ಲಿ ಕೊಡುವವನು ದೊಡ್ಡವನಲ್ಲ, ತೆಗೆದುಕೊಳ್ಳುವವನು ಸಣ್ಣವನಲ್ಲ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡೇ ವಿದೇಶಿ ಸೇವೆಯ ಕಥೆಯನ್ನು ನೋಡೋಣ.

ಯುದ್ಧವಿಲ್ಲದ ಲೋಕವನ್ನು ಕನಸಿದ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ ಎಂಬವರು 1920ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಹಾಳಾದ ಹಳ್ಳಿಯೊಂದನ್ನು ಮರಳಿ ಕಟ್ಟಲು ಹಲವು ದೇಶಗಳವರನ್ನು ಕರೆತಂದರು. ಹಿಂದಿನ ವರ್ಷಗಳಲ್ಲಿ ಪರಸ್ಪರ ಗುಂಡಿಕ್ಕಿದ ದೇಶಗಳವರು ಒಂದೇ ಗುದ್ದಲಿ ಹಿಡಿದದ್ದೇ ಅದರ ವಿಶೇಷ. ಅದೇ ಸೆರೆಸೋಲ್ 1934ರಲ್ಲಿ ಬಿಹಾರದ ಭೂಕಂಪದ ತರುವಾಯ ಭಾರತಕ್ಕೆ ಬಂದು ಮನೆ ಕಟ್ಟುವ ಕೆಲಸದಲ್ಲಿ ತೊಡಗಿದರು. ಇಂಡಿಯಾದಲ್ಲಿ ಅಂತರರಾಷ್ಟ್ರೀಯ ಸ್ವಯಂಸೇವೆಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಆಳುವ ದೇಶದಿಂದ ಬಂದವರಾಗಿರದೆ, ಮಣ್ಣು ಹೊರಲು ಬಂದ ಬಿಳಿಯರು ಅಂದಿನ ಜನರಿಗೆ ಹೊಸ ನೋಟವೇ ಆಗಿದ್ದಿರಬೇಕು.

ಸ್ವಾತಂತ್ರ್ಯಾನಂತರ ಬಂದದ್ದು ಅಮೆರಿಕೆಯ ಪೀಸ್ ಕೋರ್. ಅಧ್ಯಕ್ಷ ಕೆನಡಿ 1961ರ ಮಾರ್ಚಿಯಲ್ಲಿ ಅದನ್ನು ಸ್ಥಾಪಿಸಿದರು. ಅದೇ ಡಿಸೆಂಬರಿನಲ್ಲಿ 26 ಜನರ ಮೊದಲ ತಂಡ ಪಂಜಾಬಿಗೆ ಬಂದಿತು. 1976ರಲ್ಲಿ ಕಾರ್ಯಕ್ರಮ ನಿಲ್ಲುವ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಭಾರತದಲ್ಲಿ ದುಡಿದಿದ್ದರು. ಅಂದಿನ ಮೈಸೂರು ರಾಜ್ಯದಲ್ಲಿಯೂ ಕೋಳಿ ಸಾಕಣೆ, ಪೌಷ್ಟಿಕ ಆಹಾರ, ಆರೋಗ್ಯದಂತಹ ಕೆಲಸಗಳಲ್ಲಿ ಅವರಿದ್ದರು. ಹೆಚ್ಚಿನವರು ಕಾಲೇಜು ಮುಗಿಸಿದ ಇಪ್ಪತ್ತರ ಹರೆಯದವರು. ಅಪವಾದಗಳೂ ಇದ್ದವು: ಮುಂದೆ ಅಮೆರಿಕೆಯ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ದಾದಿಯಾಗಿ ಮುಂಬಯಿ ಬಳಿಯ ವಿಕ್ರೋಲಿಗೆ ಬಂದು ಎರಡು ವರ್ಷ ಸೇವೆ ಸಲ್ಲಿಸಿದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಪರದೇಶದ ಕಾರ್ಮಿಕರ ಕಾಲೊನಿಯಲ್ಲಿ ಸೂಜಿ ಚುಚ್ಚುತ್ತ ನಿಂತ ಆ ತಾಯಿಯ ಬಗೆಗೆ ನಮಗೆ ಗೌರವವಿದೆ.

ಆದರೂ ತೂಗಿ ನೋಡಿದರೆ ಪೀಸ್ ಕೋರ್‌ನಿಂದ ಹಳ್ಳಿಗಳಲ್ಲಿ ಉಳಿದದ್ದು ಕಡಿಮೆ ಎಂದೇ ನಮ್ಮ ಅಭಿಪ್ರಾಯ. ಎರಡು ವರ್ಷದ ಅವಧಿಯಲ್ಲಿ ಮೊದಲ ಆರು ತಿಂಗಳು ಭಾಷೆಗೆ, ಹೊಟ್ಟೆಗೆ, ಬಿಸಿಲಿಗೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ. ಕೊನೆಯ ಕೆಲವು ತಿಂಗಳು ಊರಿಗೆ ಮರಳುವ ಯೋಚನೆಯಲ್ಲಿ. ನಡುವೆ ಉಳಿದ ಒಂದು ವರ್ಷದಲ್ಲಿ ಕೋಳಿಗೂಡು ಕಟ್ಟಿಸಬಹುದು. ಆ ಗೂಡನ್ನು ಮುಂದೆ ನಡೆಸುವವನು ಊರಿನಲ್ಲೇ ಇಲ್ಲದಿದ್ದರೆ ಗೂಡೂ ಹೋಗುತ್ತದೆ, ಕೋಳಿಯೂ ಹೋಗುತ್ತದೆ. ಇದರ ಮೇಲೆ ರಾಜಕೀಯದ ನೆರಳೂ ಇತ್ತು. 1971ರ ಯುದ್ಧದ ಸಮಯದಲ್ಲಿ ಎರಡು ಸರ್ಕಾರಗಳ ನಡುವೆ ಬಿರುಕು ಮೂಡಿದ ಮೇಲೆ ಸ್ವಯಂಸೇವಕರ ಸಂಖ್ಯೆ ಇಳಿಯುತ್ತ ಹೋಯಿತು. ದೆಹಲಿಯ ಮತ್ತು ವಾಷಿಂಗ್ಟನ್ನಿನ ಮುನಿಸಿಗೆ ಹಳ್ಳಿಯ ಕೋಳಿಗೂಡು ಬೆಲೆ ತೆರಬೇಕಾಯಿತು.

ಹೆಚ್ಚು ಉಳಿದದ್ದು ಬಂದವರಲ್ಲೇ ಎಂದರೆ ತಪ್ಪಾಗದು. ನಮ್ಮ ರಾಜ್ಯಕ್ಕೆ ನಿಯುಕ್ತರಾದವರು ಕನ್ನಡ ಕಲಿಯಬೇಕಾಗಿತ್ತು. ಅಮೆರಿಕೆಯ ವಿಶ್ವವಿದ್ಯಾಲಯಗಳಲ್ಲಿ ಆಡುಗನ್ನಡವನ್ನು ಕಲಿಸುವ ಪಠ್ಯಗಳು ಸಿದ್ಧವಾದದ್ದು ಅದೇ ದಶಕದಲ್ಲಿ. ವಿಲಿಯಂ ಮೆಕ್‌ಕಾರ್ಮ್ಯಾಕ್ ಎಂಬ ಮಾನವಶಾಸ್ತ್ರಜ್ಞರು ಸಿದ್ಧಪಡಿಸಿದ ಕನ್ನಡದ ಆಡುಶೈಲಿಗಳ ಪರಿಚಯ ಗ್ರಂಥ 1966ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದಿತು. ನಮ್ಮ ಓದುಗರಿಗೆ ಆಸಕ್ತಿಯ ಸಂಗತಿಯೆಂದರೆ, ಇವರೇ ಲಿಂಗಾಯತ ಸಮುದಾಯವನ್ನು ಕುರಿತು ಐವತ್ತು ಅರವತ್ತರ ದಶಕಗಳಲ್ಲಿ ವಿದ್ವತ್ಪೂರ್ಣ ಲೇಖನಗಳನ್ನು ಬರೆದವರು. ಅವರು ಸ್ವಯಂಸೇವಕರಾಗಿ ಬಂದವರಲ್ಲ, ಸಂಶೋಧಕರು. ಹೊರಗಿನ ಕಣ್ಣಿಗೆ ನಾವು ಹೇಗೆ ಕಂಡೆವು ಎಂಬುದಕ್ಕೆ ಆ ಬರಹಗಳನ್ನು ನಮ್ಮ ತರುಣರು ಒಮ್ಮೆಯಾದರೂ ಓದಬೇಕು.

ಇನ್ನು ಜಪಾನಿನ ಮಾತು. 1965ರಲ್ಲಿ ಆರಂಭವಾದ ಜಪಾನ್ ಸಾಗರೋತ್ತರ ಸಹಕಾರ ಸ್ವಯಂಸೇವಕ ದಳ ಮರುವರ್ಷವೇ ಭಾರತಕ್ಕೆ ಕಾಲಿಟ್ಟಿತು. ಎಪ್ಪತ್ತರ ದಶಕದ ಕೊನೆಗೆ ನಿಂತಿತು. 2006ರಲ್ಲಿ ಮತ್ತೆ ಆರಂಭವಾಗಿ ಜಪಾನೀ ಭಾಷೆ, ಕ್ರೀಡೆ ಮೊದಲಾದ ಕ್ಷೇತ್ರಗಳಲ್ಲಿ ಮುಂದುವರಿಯಿತು. ಐವತ್ತು ವರ್ಷದ ಈ ಸೇವೆಗಾಗಿ ಆ ದಳಕ್ಕೆ 2016ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಈ ದಳವನ್ನು ನಡೆಸುವ ಸಂಸ್ಥೆ ಜೈಕಾ, ಅಂದರೆ ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ. ನಮ್ಮ ನಾಲ್ಕು ತಾಲ್ಲೂಕುಗಳ ಬದುಕನ್ನು ನಿಜವಾಗಿ ಮುಟ್ಟಿದ್ದು ಅದೇ ಸಂಸ್ಥೆಯ ಇನ್ನೊಂದು ಕೆಲಸ. ಅದು ಸ್ವಯಂಸೇವಕರ ಕೆಲಸವಲ್ಲ, ಎರಡು ಸರ್ಕಾರಗಳ ಒಪ್ಪಂದದ ಮೇಲೆ ಬಂದ ತಜ್ಞರ ಕೆಲಸ. ಈ ಭೇದವನ್ನು ಮರೆಯಬಾರದು. ಆದರೆ ಪರದೇಶದವರ ಸೇವೆ ಒಂದು ನೆಲದಲ್ಲಿ ಬೇರೂರುವುದು ಹೇಗೆ ಎಂದು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ. ಅದು ರೇಷ್ಮೆಯ ಕಥೆ.

ರೇಷ್ಮೆಯಲ್ಲಿ ಮೈಸೂರಿಗೂ ಹೊರದೇಶಕ್ಕೂ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಮ್‌ಷೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ಫಾರಂ ತೆರೆದರು; ಆ ಬಡಾವಣೆಯನ್ನು ಇಂದಿಗೂ ಟಾಟಾ ಸಿಲ್ಕ್ ಫಾರಂ ಎಂದೇ ಕರೆಯುತ್ತಾರೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ ಶಿಕ್ಷಣಗಳನ್ನು ಕಂಡು ಬಂದವರು. ಅವರ ದಿವಾನಗಿರಿಯ ಕಾಲದಲ್ಲಿಯೇ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ರೇಷ್ಮೆಗಾಗಿ ಕರೆಸಿಕೊಂಡಿತು. ಇಷ್ಟೆಲ್ಲ ಆದರೂ ದಶಕಗಳ ಕಾಲ ರೈತರು ನಂಬಿದ್ದು ಮೈಸೂರು ದೇಸಿ ತಳಿಯನ್ನು ಹೊರತಳಿಯೊಡನೆ ಬೆರೆಸಿದ ಮಿಶ್ರತಳಿಯನ್ನೇ. ಚಳಿ ದೇಶಗಳ ದ್ವಿತಳಿ ಹುಳು ನಮ್ಮ ಬಿಸಿಲಿನಲ್ಲಿ ಬದುಕುವುದಿಲ್ಲ ಎಂಬುದು ಹಳ್ಳಿಯ ಮಾತಷ್ಟೇ ಅಲ್ಲ, ಬಹುಪಾಲು ಬಲ್ಲವರ ಮಾತೂ ಆಗಿತ್ತು.

1991ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಮತ್ತು ಜೈಕಾ ಕೂಡಿ ಆರಂಭಿಸಿದ ದ್ವಿತಳಿ ಯೋಜನೆ ಈ ನಂಬಿಕೆಯನ್ನು ಅಲುಗಿಸಿತು. ಅದು ಮೂರು ಹಂತಗಳಲ್ಲಿ 2007ರವರೆಗೆ, ಹದಿನಾರು ವರ್ಷ ನಡೆಯಿತು. ಮೊದಲ ಹಂತದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ತಳಿ ಮತ್ತು ತಂತ್ರವನ್ನು ರೂಪಿಸಿದರು, ಎರಡನೆಯದರಲ್ಲಿ ಆಯ್ದ ರೈತರ ಮನೆಗಳಲ್ಲಿ ಪರೀಕ್ಷಿಸಿದರು, ಮೂರನೆಯದರಲ್ಲಿ ಇಲಾಖೆಯ ವಿಸ್ತರಣಾ ಸಿಬ್ಬಂದಿಯನ್ನು ಬಲಪಡಿಸಿದರು. ಈ ಕ್ರಮವನ್ನು ಗಮನಿಸಬೇಕು. ಅತಿಥಿಗಳು ಹಂತ ಹಂತವಾಗಿ ಹಿಂದೆ ಸರಿದಿದ್ದಾರೆ; ಕೊನೆಗೆ ಮುಂದೆ ನಿಂತವರು ನಮ್ಮ ಇಲಾಖೆಯವರು ಮತ್ತು ನಮ್ಮ ರೈತರು. ಸಿಎಸ್‌ಆರ್-2, ಸಿಎಸ್‌ಆರ್-4 ಎಂದು ರೈತರ ಬಾಯಲ್ಲಿ ಓಡಾಡುವ ತಳಿಗಳು ಜಪಾನಿನಿಂದ ಪೆಟ್ಟಿಗೆಯಲ್ಲಿ ಬಂದವಲ್ಲ. ನಮ್ಮ ವಿಜ್ಞಾನಿಗಳು ಮೈಸೂರಿನಲ್ಲಿ ರೂಪಿಸಿದವು. ಜೊತೆಗೆ ವಿ-1 ಹಿಪ್ಪುನೇರಳೆ ಬಂದಿತು. ಸೊಪ್ಪಿನ ಇಳುವರಿ ಹೆಚ್ಚಿತು.

ಬದಲಾದದ್ದು ಹುಳುವೊಂದೇ ಅಲ್ಲ, ಮನೆಯೂ ಬದಲಾಯಿತು. ಮೊದಲು ವಾಸದ ಮನೆಯೊಳಗೇ ತಟ್ಟೆಗಳ ಅಟ್ಟಣೆ. ಹುಳುವಿಗೆ ಜಾಗ ಬಿಟ್ಟು ಮನೆಮಂದಿ ಮೂಲೆಯಲ್ಲಿ ಮಲಗುತ್ತಿದ್ದರು. ಹೆಂಗಸರು ಹೊತ್ತಿಗೆ ಹೊತ್ತಿಗೆ ಸೊಪ್ಪು ಬಿಡಿಸಿ, ಹೆಚ್ಚಿ, ತಟ್ಟೆ ಬದಲಿಸಿ, ಹಿಕ್ಕೆ ತೆಗೆದು, ರಾತ್ರಿಯ ಮೇವನ್ನೂ ಕೊಟ್ಟು ಬೆಳಗ್ಗೆ ಮತ್ತೆ ತೋಟಕ್ಕೆ ಹೋಗಬೇಕಾಗಿತ್ತು. ಹೊಸ ಪದ್ಧತಿಯಲ್ಲಿ ಹುಳುವಿಗೆ ಪ್ರತ್ಯೇಕ ಮನೆ ಬಂದಿತು. ಎಲೆ ಬಿಡಿಸುವ ಬದಲು ರೆಂಬೆಯನ್ನೇ ಕಡಿದು ಹಾಸುವ ರೆಂಬೆ ಪದ್ಧತಿ ಬಂದಿತು. ಎಳೆಯ ಹುಳುವನ್ನು ಚಾಕಿ ಕೇಂದ್ರದಲ್ಲಿಯೇ ಎರಡನೆಯ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಏರ್ಪಾಡು ಹರಡಿತು. ಎಲ್ಲಕ್ಕಿಂತ ಮಿಗಿಲಾಗಿ ಸೋಂಕು ನಿವಾರಣೆಯ ಶಿಸ್ತು ಬಂದಿತು: ಹುಳುಮನೆಗೆ ಕಾಲಿಡುವ ಮೊದಲು ಕೈಕಾಲು ತೊಳೆಯುವುದು, ಬೆಳೆ ಮುಗಿದ ಮೇಲೆ ಮನೆಯನ್ನೂ ಸಲಕರಣೆಗಳನ್ನೂ ಔಷಧದಿಂದ ತೊಳೆಯುವುದು, ರೋಗದ ಹುಳುವನ್ನು ಆರಿಸಿ ಹೂಳುವುದು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟುಗಳನ್ನು ಹಣೆಬರಹವೆಂದು ತಿಳಿದಿದ್ದ ಕಡೆ ಅವು ತಡೆಯಬಹುದಾದ ರೋಗಗಳೆಂಬ ತಿಳಿವು ಬಂದದ್ದು ಸಣ್ಣ ಮಾತಲ್ಲ. ಹುಳುಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಪದ್ಧತಿ ಗುಡಿಯ ಬಾಗಿಲಿನದೇ ಅಲ್ಲವೆ ಎಂದು ನಮ್ಮ ಭಕ್ತರೊಬ್ಬರು ನಗುತ್ತ ಹೇಳಿದ್ದುಂಟು. ಕಾಯಕದ ಜಾಗವನ್ನು ಮಡಿಯಾಗಿ ಇಟ್ಟುಕೊಳ್ಳುವುದು ಶರಣ ಪರಂಪರೆಯವರಿಗೆ ಹೊಸದೆನಿಸಬೇಕಾಗಿಲ್ಲ.

ಲಾಭವೂ ಕಣ್ಣಿಗೆ ಕಾಣುವಂಥದು. ಒಂದು ಕಿಲೋ ನೂಲಿಗೆ ಮಿಶ್ರತಳಿಯಲ್ಲಿ ಏಳೆಂಟು ಕಿಲೋ ಗೂಡು ಬೇಕಾದರೆ, ಒಳ್ಳೆಯ ದ್ವಿತಳಿಯಲ್ಲಿ ಆರು ಆರೂವರೆ ಕಿಲೋ ಸಾಕು. ನೂರು ಮೊಟ್ಟೆಗೆ ಅರವತ್ತು ಕಿಲೋ ಮೀರಿ ಗೂಡು ಬೆಳೆಯುವುದು ಇಂದು ಯಾರಿಗೂ ಬೆರಗಿನ ಸಂಗತಿಯಲ್ಲ. ಮಿಶ್ರತಳಿ ಇಂದಿಗೂ ಹೋಗಿಲ್ಲ. ನೀರು ಕಡಿಮೆ ಇರುವವರಿಗೆ, ಚಿಕ್ಕ ಹಿಡುವಳಿಯವರಿಗೆ ಅದೇ ಆಸರೆ. ಆದರೆ ಅವರೂ ರೆಂಬೆ ಪದ್ಧತಿಯನ್ನು, ಚಾಕಿಯನ್ನು, ಸೋಂಕು ನಿವಾರಣೆಯನ್ನು ಹಿಡಿದಿದ್ದಾರೆ. ತಳಿಯನ್ನು ಬಿಟ್ಟು ತಂತ್ರವನ್ನು ಇಟ್ಟುಕೊಂಡವರ ಜಾಣತನವನ್ನು ಯೋಜನೆ ರೂಪಿಸಿದವರು ಊಹಿಸಿದ್ದರೋ ಇಲ್ಲವೋ!

ಇದು ಹೀಗೆ ಬೇರು ಬಿಡಲು ಕಾರಣ ನೆಲ ಮೊದಲೇ ಹದವಾಗಿದ್ದದ್ದು. ಶಿಡ್ಲಘಟ್ಟದಲ್ಲಿ ಗೂಡಿನ ದೊಡ್ಡ ಮಾರುಕಟ್ಟೆಯಿತ್ತು, ನೂಲು ಬಿಚ್ಚುವ ಕುಟುಂಬಗಳಿದ್ದವು. ಚಿಂತಾಮಣಿಯ ಬಳಿಯ ಕುರುಬೂರಿನಲ್ಲಿ ತೊಂಬತ್ತರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜು ತೆರೆಯಿತು. ಇಲ್ಲಿಯ ಹಳ್ಳಿಯ ಮಕ್ಕಳು ಪದವಿ ಪಡೆದು ಇದೇ ವಿದ್ಯೆಯಲ್ಲಿ ನಿಂತರು. ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ಸಹಕಾರದೊಂದಿಗೆ ಆರಂಭವಾದ ಭೂಕಂಪ ಮಾಪನ ಕೇಂದ್ರವನ್ನೂ ಇಲ್ಲಿ ನೆನೆಯಬಹುದು. ಅದೂ ನಮ್ಮ ವಿಜ್ಞಾನಿಗಳ ಕೈಗೆ ಬಂದು ನಿಂತ ಕಾರಣದಿಂದಲೇ ಬಾಳಿತು. ಕೋಳಿಗೂಡಿಗೂ ಹುಳುಮನೆಗೂ ಇದ್ದ ಅಂತರ ಇಷ್ಟೇ. ಒಂದು ಕಡೆ ಅತಿಥಿಯೇ ಕೆಲಸವಾಗಿದ್ದ. ಇನ್ನೊಂದು ಕಡೆ ಕೆಲಸ ಮನೆಯವರದಾಗಿತ್ತು, ಅತಿಥಿ ಜೊತೆಗಾರನಾಗಿದ್ದ.

ಹೀಗೆಂದು ಎಲ್ಲವೂ ಚೆನ್ನಾಯಿತು ಎಂದು ಬರೆದರೆ ಸತ್ಯಕ್ಕೆ ಅಪಚಾರ. ಗೂಡು ಬೆಳೆಯುವವನ ಮನೆಗೆ ಬೆಳಕು ಬಂದ ಅದೇ ವರ್ಷಗಳಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸಗಾರರ ಸ್ಥಿತಿ ಏನಿತ್ತು? 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳನ್ನು ಕುರಿತು ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕವೂ ಇತ್ತು. ಕುದಿವ ನೀರಿನಲ್ಲಿ ಎಳೆಯ ಬೆರಳು ಅದ್ದಿ ನೂಲಿನ ಎಳೆ ಹುಡುಕುವ ಮಕ್ಕಳ ವಿವರ ಓದಿದವರಿಗೆ ರೇಷ್ಮೆಯ ಹೊಳಪು ಮಂಕಾಗುತ್ತದೆ. ಹೊರಗಿನವರು ಹೀಗೆ ಬಂದು ನಮ್ಮ ಕೊಳೆಯನ್ನು ತೋರಿಸಿದಾಗ ಸಿಟ್ಟು ಬರುವುದು ಸಹಜ. ಆದರೆ ತೋರಿಸುವುದೂ ಒಂದು ಸೇವೆಯೇ. ಸರ್ಕಾರದ ಕಾನೂನು, ಶಾಲೆ, ಯಂತ್ರಗಳ ಬರವು ಎಲ್ಲ ಸೇರಿ ಪರಿಸ್ಥಿತಿ ಇಂದು ಸುಧಾರಿಸಿದೆ. ಆದರೂ ಹಬೆ, ಹೊಗೆ, ಚಿಟ್ಟೆಹುಳುವಿನ ವಾಸನೆಯ ನಡುವೆ ದಿನವಿಡೀ ನಿಲ್ಲುವ ಕೂಲಿ ಹೆಂಗಸರ ಶ್ವಾಸಕೋಶಕ್ಕೆ ಸಿಎಸ್‌ಆರ್ ತಳಿ ಏನನ್ನೂ ಮಾಡಿಲ್ಲ. ನಮ್ಮ ಸಮುದಾಯದಲ್ಲಿ ಜಮೀನುಳ್ಳವರೂ ಇದ್ದಾರೆ, ಕೂಲಿಗೆ ಹೋಗುವವರೂ ಇದ್ದಾರೆ. ಕಾಯಕವೆಂಬ ಮಾತನ್ನು ಎರಡನೆಯವರ ಮುಂದೆ ನಿಂತು ಹೇಳುವಾಗ ನಮ್ಮ ದನಿ ತಗ್ಗಬೇಕು.

ಈಗ ವಿಚಿತ್ರವಾದ ಒಂದು ತಿರುವಿಗೆ ಬರೋಣ. ನಮಗೆ ದ್ವಿತಳಿಯ ಪಾಠ ಹೇಳಿದ ಜಪಾನಿನಲ್ಲಿ 1929ರ ಸುಮಾರಿಗೆ ಇಪ್ಪತ್ತೆರಡು ಲಕ್ಷ ರೈತ ಕುಟುಂಬಗಳು ಹುಳು ಸಾಕುತ್ತಿದ್ದವು. ಇಂದು ಅವುಗಳ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಕೂಲಿ ಏರಿತು, ನೈಲಾನ್ ಬಂದಿತು, ಯುವಕರು ನಗರ ಸೇರಿದರು, ಮುದುಕರು ಉಳಿದರು. ಗುರುವಿನ ಮನೆಯಲ್ಲಿ ಆರುತ್ತಿರುವ ದೀಪದ ಬೆಳಕು ಶಿಷ್ಯನ ಮನೆಯಲ್ಲಿ ಉಳಿದಿದೆ. ಇದನ್ನು ಹೆಮ್ಮೆಯಿಂದ ಹೇಳುವ ಮೊದಲು ನಮ್ಮ ಹಳ್ಳಿಗಳನ್ನೊಮ್ಮೆ ನೋಡಬೇಕು. ಅಂತರ್ಜಲ ಪಾತಾಳ ಸೇರಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆಯ ನೀರಿನ ಗುಣಮಟ್ಟದ ಬಗೆಗೆ ರೈತರ ಚರ್ಚೆ ಮುಗಿದಿಲ್ಲ. ಹುಳುಮನೆಯ ಮಗ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ಕೆಲಸಕ್ಕೆ ಹೋಗುತ್ತಾನೆ. ಮದುವೆಗೆ ಹೆಣ್ಣು ಕೇಳಹೋದರೆ ‘ಹುಳು ಸಾಕುತ್ತೀರಾ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಜಪಾನಿನ ಹಾದಿಯಲ್ಲಿ ನಾವು ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ಈ ಪ್ರಶ್ನೆಯೇ ಹೇಳುತ್ತದೆ.

ಹೊರಗಿನ ನೆರವಿನ ಕಾಲವೂ ಮುಗಿಯುತ್ತ ಬಂದಿದೆ. ಅಮೆರಿಕೆಯ ಯುಎಸ್‌ಏಡ್ ಎಂಬ ಬೃಹತ್ ನೆರವು ಸಂಸ್ಥೆ 2025ರ ಜುಲೈಯಲ್ಲಿ ಬಾಗಿಲು ಹಾಕಿತು. ಯುರೋಪಿನ ಹಲವು ದೇಶಗಳೂ ಕೈ ಹಿಡಿಯುತ್ತಿವೆ. ಆಫ್ರಿಕೆಯ ಅನೇಕ ದೇಶಗಳಲ್ಲಿ ಇದರ ಪರಿಣಾಮ ಆಸ್ಪತ್ರೆಗಳ ಬಾಗಿಲಲ್ಲೇ ಕಂಡಿತು. ನಮಗೆ ಅಷ್ಟು ಪೆಟ್ಟು ಬೀಳದಿದ್ದುದಕ್ಕೆ ಕಾರಣ, ನಾವು ಬಹಳ ಹಿಂದೆಯೇ ಬಹುಪಾಲು ಕೆಲಸಗಳನ್ನು ನಮ್ಮ ಕೈಗೆ ತೆಗೆದುಕೊಂಡದ್ದು. ಹಾಗಾದರೆ ಈ ವರ್ಷದ ಪ್ರಶ್ನೆ ‘ನಮಗೆ ಯಾರು ಬರುತ್ತಾರೆ’ ಎಂಬುದಕ್ಕಿಂತ ‘ನಮ್ಮಿಂದ ಯಾರು ಹೋಗುತ್ತಾರೆ’ ಎಂಬುದಾಗಬೇಕಲ್ಲವೆ? ಅಂತರರಾಷ್ಟ್ರೀಯ ರೇಷ್ಮೆ ಕೃಷಿ ಆಯೋಗದ ಕೇಂದ್ರ ಕಚೇರಿ 2013ರಲ್ಲಿ ಫ್ರಾನ್ಸಿನ ಲಿಯಾನ್ ನಗರದಿಂದ ನಮ್ಮ ಬೆಂಗಳೂರಿಗೇ ಬಂದಿದೆ. ಮೈಸೂರಿನ ಸಂಸ್ಥೆಯಲ್ಲಿ ಆಫ್ರಿಕಾ ಏಷ್ಯಾಗಳ ಹಲವು ದೇಶಗಳವರು ರೇಷ್ಮೆ ಕಲಿತು ಹೋಗಿದ್ದಾರೆ. ಅವರ ಹಳ್ಳಿಗಳಲ್ಲಿ ಎರಡು ವರ್ಷ ನಿಂತು ರೆಂಬೆ ಕಡಿಯುವುದನ್ನು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದನ್ನು ಕೈಹಿಡಿದು ತೋರಿಸಲು ಬೇಕಾದವರು ಡಾಕ್ಟರೇಟ್ ಪಡೆದವರೇ ಆಗಬೇಕಿಲ್ಲ. ಶಿಡ್ಲಘಟ್ಟದ ಹಳ್ಳಿಯೊಂದರ ಐವತ್ತು ದಾಟಿದ ರೈತ, ಕೈಯಳತೆಯಲ್ಲೇ ಸೊಪ್ಪಿನ ಹದ ಹೇಳಬಲ್ಲ ತಾಯಿ ಸಾಕು. ಲಿಲಿಯನ್ ಕಾರ್ಟರ್ ಅವರಿಗೆ ಅಡ್ಡಬಾರದ ವಯಸ್ಸು ಇವರಿಗೆ ಏಕೆ ಅಡ್ಡಬರಬೇಕು? ಸರ್ಕಾರ ಇಂಥದೊಂದು ಏರ್ಪಾಡನ್ನು ಯೋಚಿಸಬೇಕೆಂದು ನಾವು ಆಗ್ರಹಿಸುತ್ತೇವೆ.

ಹೋಗುವವರು ಒಂದು ಎಚ್ಚರವನ್ನು ಇಲ್ಲಿಂದಲೇ ಒಯ್ಯಬೇಕು. ನಾವು ಕಲಿಸಲು ಬಂದವರು, ನೀವು ಕಲಿಯಬೇಕಾದವರು ಎಂಬ ಭಾವ ನಮ್ಮ ಹಳ್ಳಿಗೆ ಬಂದ ಕೆಲವು ಅತಿಥಿಗಳಲ್ಲಿತ್ತು. ನಮ್ಮವರು ಅದನ್ನು ಮೌನವಾಗಿ ಸಹಿಸಿ, ಅವರು ಹೋದ ಮರುದಿನವೇ ಅವರ ಪದ್ಧತಿಯನ್ನೂ ಬಿಟ್ಟರು.

ಶ್ರೀಮಠದ ಮಟ್ಟಿಗೆ ಒಂದು ಸಣ್ಣ ಕೆಲಸವನ್ನು ಕೈಗೆತ್ತಿಕೊಂಡಿದ್ದೇವೆ. ಅರವತ್ತು ಎಪ್ಪತ್ತರ ದಶಕಗಳಲ್ಲಿ ವಿದೇಶಿ ಸ್ವಯಂಸೇವಕರೊಡನೆ ದುಡಿದವರು, ತಮ್ಮ ಮನೆಯಲ್ಲಿ ಅವರಿಗೆ ಇರಲು ಜಾಗ, ರಾಗಿಮುದ್ದೆ ಕೊಟ್ಟವರು, ದ್ವಿತಳಿ ಯೋಜನೆಯ ಮೊದಲ ವರ್ಷಗಳಲ್ಲಿ ಹುಳುಮನೆ ಕಟ್ಟಿಸಿದ ರೈತರು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಹೆಚ್ಚಿನವರಿಗೆ ಎಪ್ಪತ್ತು ಎಂಬತ್ತು ದಾಟಿದೆ. ಬಂದವರ ನೆನಪುಗಳನ್ನು ಅವರವರ ದೇಶದವರು ಪುಸ್ತಕ ಮಾಡಿದ್ದಾರೆ. ಬರಮಾಡಿಕೊಂಡವರ ಮಾತನ್ನು ಯಾರೂ ಬರೆದುಕೊಂಡಂತಿಲ್ಲ. ಶ್ರಾವಣ ಮಾಸದ ಪ್ರವಚನದ ನಂತರ ಪ್ರತಿ ಸೋಮವಾರ ಸಂಜೆ ಮಠದ ದಾಸೋಹ ಭವನದಲ್ಲಿ ಅಂಥ ಹಿರಿಯರ ಮಾತನ್ನು ಕೇಳಿ ಬರೆದಿಡುವ ಏರ್ಪಾಡಾಗಿದೆ. ತಮ್ಮ ಮನೆಯಲ್ಲಿ ಅಂಥವರಿದ್ದರೆ, ಹಳೆಯ ಫೋಟೋ, ಕಾಗದ, ತರಬೇತಿಯ ಪತ್ರ ಏನಿದ್ದರೂ ಜೊತೆಗೆ ಕರೆತನ್ನಿ. ನೂಲು ಬಿಚ್ಚುವ ಕೆಲಸದಲ್ಲಿದ್ದ ತಾಯಂದಿರನ್ನು ವಿಶೇಷವಾಗಿ ಕರೆತರಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ. ಹಿರಿಯರು ಬಸ್ಸು ಹತ್ತಲಾರದಂತಿದ್ದರೆ ಊರಿನ ಹೆಸರು ತಿಳಿಸಿ, ನಾವೇ ಬರುತ್ತೇವೆ.